ಅಂಗಡಿಗೆ ಬಾರದ ಕಾದಂಬರಿಗಳು: ‘ಬ್ಯೂಟಿ ಅಂಡ್ ದಿ ಬೀಸ್ಟ್’ ಕಥಾಮಾಲೆಯ ಅಭಿಮಾನಿ ಸಾಹಿತ್ಯ

ಆಧುನಿಕ ಕಾಲದ ಇತಿಹಾಸವನ್ನು ಬರೆಯುವವನಿಗೆ ಆಕರಗಳ ಕೊರತೆಯೆಂಬುದಿಲ್ಲ, ಅವುಗಳ ಹೇರಳತೆಯೇ ಅವನ ತೊಡಕು ಎಂಬ ಅಭಿಪ್ರಾಯವು ವಿದ್ವಾಂಸರಲ್ಲಿ ಬೇರೂರಿದೆ. ಶಾಸನ, ತಾಮ್ರಪಟ, ಕೈಫಿಯತ್ತುಗಳನ್ನು ಅರಸಿ ಅಲೆಯುವ ಸಂಶೋಧಕನು ಈ ಮಾತನ್ನು ತುಸು ಅಸೂಯೆಯಿಂದಲೇ ಕೇಳಬೇಕಾಗುತ್ತದೆ. ಆದರೆ ಅಚ್ಚಾದುದೆಲ್ಲವೂ ಉಳಿಯುವುದೆಂಬ ಭರವಸೆ ಸತ್ಯಕ್ಕೆ ದೂರವಾದುದು. 20ನೆಯ ಶತಮಾನದ ಕೊನೆಯ ದಶಕಗಳಲ್ಲಿ, ಮುದ್ರಣದಲ್ಲಿ ಜಗತ್ತಿಗೇ ಮುಂದಾಗಿದ್ದ ಅಮೆರಿಕ ದೇಶದಲ್ಲಿಯೇ, ಪುಸ್ತಕದ ಅಂಗಡಿಗೆ ಬಾರದೆ, ಪ್ರಕಾಶಕರ ಪಟ್ಟಿಯಲ್ಲಿ ಸೇರದೆ, ಬಹುಮಟ್ಟಿಗೆ ಗ್ರಂಥಾಲಯಗಳ ಸೂಚಿಗಳಿಗೂ ಸಿಕ್ಕದೆ ಕೈಯಿಂದ ಕೈಗೆ ಸಾಗಿದ ಕಾದಂಬರಿಗಳ ಒಂದು ರಾಶಿಯೇ ಇದೆ. ದೂರದರ್ಶನದ ಕಥೆಗಳನ್ನು ಆಧರಿಸಿ ವೀಕ್ಷಕರೇ ಬರೆದು, ತಾವೇ ಅಚ್ಚುಹಾಕಿಸಿಕೊಂಡ ಈ ಕೃತಿಗಳಲ್ಲಿ ಒಂದು ಗುಂಪನ್ನು ಮಾತ್ರ ನಾವಿಲ್ಲಿ ಪರಿಶೀಲಿಸುತ್ತೇವೆ.

ಆ ಗುಂಪಿಗೆ ಮೂಲವಾದುದು ‘ಬ್ಯೂಟಿ ಅಂಡ್ ದಿ ಬೀಸ್ಟ್’ ಎಂಬ ಕಥಾಮಾಲೆ. ರಾನ್ ಕಾಸ್ಲೋ ಅವರ ಕಲ್ಪನೆಯಿಂದ ಹುಟ್ಟಿದ ಇದನ್ನು ಸಿ.ಬಿ.ಎಸ್. ಸಂಸ್ಥೆಯು 1987ರ ಸೆಪ್ಟೆಂಬರ್ 25ರಿಂದ 1990ರ ಆಗಸ್ಟ್‌ವರೆಗೆ ಪ್ರಸಾರಮಾಡಿತು. ಕಥೆ ಹಳೆಯದು, 1740ರಲ್ಲಿ ಫ್ರಾನ್ಸಿನ ಮದಾಂ ದ ವಿಲ್ನೂವ್ ಬರೆದ ದೀರ್ಘ ಕಥೆಯನ್ನು 1756ರಲ್ಲಿ ಮದಾಂ ಲಪ್ರಾಂಸ್ ದ ಬೋಮೋಂ ಸಂಗ್ರಹಿಸಿ ಪ್ರಚುರಪಡಿಸಿದಳು. 1946ರಲ್ಲಿ ಝಾಂ ಕಾಕ್ಟೋ ಅದನ್ನು ಚಲಚ್ಚಿತ್ರವಾಗಿಸಿದನು. ಅಂದರೆ ಮೂಲವೆಂದು ನಾವು ಕರೆಯುವುದೂ ಒಂದು ಮರುಕಥನವೇ ಎಂಬುದನ್ನು ಮುಂದಿನ ವಿವೇಚನೆಗಾಗಿ ನೆನಪಿನಲ್ಲಿಡಬೇಕು. ಕಾಸ್ಲೋ ಅವರ ಆವೃತ್ತಿಯಲ್ಲಿ ಸುಂದರಿಯು ಕ್ಯಾಥರಿನ್ ಚಾಂಡ್ಲರ್ ಎಂಬ ನ್ಯೂಯಾರ್ಕಿನ ವಕೀಲೆ; ದುಷ್ಕರ್ಮಿಗಳಿಂದ ಮುಖಕ್ಕೆ ಗಾಯವಾಗಿ ಉದ್ಯಾನದಲ್ಲಿ ಬಿದ್ದಿದ್ದ ಅವಳನ್ನು ಸಿಂಹಮುಖದ ವಿನ್ಸೆಂಟನು ನೆಲದಡಿಯ ಸುರಂಗಗಳಿಗೆ ಎತ್ತಿಕೊಂಡು ಹೋಗಿ ಕಾಪಾಡುತ್ತಾನೆ. ಅಲ್ಲಿ ‘ಫಾದರ್’ ಎಂದು ಎಲ್ಲರೂ ಕರೆಯುವ ವೃದ್ಧನ ಆಶ್ರಯದಲ್ಲಿ, ಮೇಲಿನ ನಗರವು ಕೈಬಿಟ್ಟವರ ಒಂದು ಸಮಾಜವೇ ನೆಲಸಿದೆ. ನೀರಿನ ಕೊಳವೆಗಳನ್ನು ತಟ್ಟಿ ಅವರು ಪರಸ್ಪರ ಸುದ್ದಿ ಕಳುಹಿಸುತ್ತಾರೆ. ವಿನ್ಸೆಂಟನಿಗೆ ಕ್ಯಾಥರಿನ್ನಳ ಭಾವನೆಗಳು ದೂರದಿಂದಲೇ ಅರಿವಾಗುತ್ತವೆ. ಮೃಗವು ರಾಜಕುಮಾರನಾಗುವ ಹಳೆಯ ಮುಕ್ತಾಯವನ್ನು ಇಲ್ಲಿ ಕೈಬಿಡಲಾಗಿದೆ. ಆದುದರಿಂದ ಪ್ರೇಮಿಗಳ ಕೂಟವೆಂಬುದು ವಾರದಿಂದ ವಾರಕ್ಕೆ ಮುಂದೂಡಲ್ಪಡುತ್ತ ಹೋಯಿತು.

ಮುಂದೂಡಿದುದನ್ನು ವೀಕ್ಷಕರು ತಾವೇ ಬರೆಯತೊಡಗಿದರು. ಬರೆದವರಲ್ಲಿ ಬಹುಪಾಲು ಸ್ತ್ರೀಯರು. ಈ ಪದ್ಧತಿ ಅವರ ಆವಿಷ್ಕಾರವೇನೂ ಅಲ್ಲ. 1967ರಲ್ಲಿಯೇ ‘ಸ್ಟಾರ್ ಟ್ರೆಕ್’ ಮಾಲೆಯ ಅಭಿಮಾನಿಗಳು ‘ಸ್ಪಾಕನೇಲಿಯ’ ಎಂಬ ಪತ್ರಿಕೆಯನ್ನು ಹೊರತಂದಿದ್ದರು. ಇಂತಹ ಪ್ರಕಟಣೆಗಳಿಗೆ ‘ಝೀನ್’ ಎಂಬ ಹೆಸರು ರೂಢಿಯಲ್ಲಿತ್ತು. 1987ರ ಹೊತ್ತಿಗೆ ಜೆರಾಕ್ಸ್ ಯಂತ್ರವು ಬೀದಿಬೀದಿಗೂ ಬಂದಿದ್ದಿತು, ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡವರೂ ಇದ್ದರು. ಬರೆದವಳು ಹಸ್ತಪ್ರತಿಯನ್ನು ಸಂಪಾದಕಿಗೆ ಅಂಚೆಯಲ್ಲಿ ಕಳುಹಿಸುವಳು. ತಿದ್ದುಪಡಿಯಾದ ಮೇಲೆ ಹಾಳೆಗಳ ಪ್ರತಿ ತೆಗೆಸಿ, ಬೆನ್ನಿಗೆ ಪ್ಲಾಸ್ಟಿಕ್ ಹಲ್ಲುಗಳ ಕಟ್ಟು ಹಾಕಿಸಿ, ರಕ್ಷಾಪುಟಕ್ಕೆ ಮತ್ತೊಬ್ಬ ಅಭಿಮಾನಿ ಬರೆದ ಚಿತ್ರವನ್ನು ಸೇರಿಸುವರು. ಕೊಳ್ಳುವವರು ಅಭಿಮಾನಿಗಳ ವಾರ್ತಾಪತ್ರದಲ್ಲಿ ಪ್ರಕಟಣೆ ನೋಡಿ ಪತ್ರ ಬರೆಯುವರು, ಇಲ್ಲವೆ ವಾರ್ಷಿಕ ಸಮ್ಮೇಳನಗಳ ಮಾರಾಟದ ಮೇಜಿನಲ್ಲಿ ಕೊಳ್ಳುವರು. ಬೆಲೆಯು ಕಾಗದ, ಕಟ್ಟು, ಅಂಚೆಗಳ ವೆಚ್ಚಕ್ಕೆ ಸಮೀಪವಾಗಿರಬೇಕೆಂಬುದು ಅಲಿಖಿತ ನಿಯಮ. ಇದು ಉದಾರತೆ ಮಾತ್ರವಲ್ಲ. ಪಾತ್ರಗಳ ಗ್ರಂಥಸ್ವಾಮ್ಯ ಬೇರೆಯವರದು. ಲಾಭ ತೆಗೆದರೆ ಮೊಕದ್ದಮೆಯ ಭಯ. 1976ರ ಅಮೆರಿಕದ ಕಾನೂನಿನ 107ನೆಯ ಪ್ರಕರಣವು ‘ನ್ಯಾಯಸಮ್ಮತ ಬಳಕೆ’ಗೆ ಅವಕಾಶ ಕೊಟ್ಟಿದ್ದರೂ, ಆ ಬಳಕೆಯ ಎಲ್ಲೆ ಎಲ್ಲಿಯೆಂಬುದನ್ನು ನ್ಯಾಯಾಲಯವೇ ಹೇಳಬೇಕು, ಗೃಹಿಣಿಯೋ ಉಪಾಧ್ಯಾಯಿನಿಯೋ ಆದ ಲೇಖಕಿ ಅಷ್ಟು ದೂರ ಹೋಗಬಯಸುವಳೆ?

ಇಷ್ಟಕ್ಕೇ ನಿಂತಿದ್ದರೆ ಈ ಕಾದಂಬರಿಗಳನ್ನು ವಿರಾಮಕಾಲದ ವಿನೋದವೆಂದು ಬದಿಗಿರಿಸಬಹುದಾಗಿತ್ತು. ಅವುಗಳಿಗೆ ಇತಿಹಾಸದ ಮಹತ್ತ್ವ ಬಂದುದು 1989ರ ಡಿಸೆಂಬರಿನಲ್ಲಿ. ಕ್ಯಾಥರಿನ್ನಳಾಗಿ ನಟಿಸುತ್ತಿದ್ದ ಲಿಂಡಾ ಹ್ಯಾಮಿಲ್ಟನ್ ಮಾಲೆಯನ್ನು ಬಿಡಬಯಸಿದ್ದರು. ಮೂರನೆಯ ವರ್ಷದ ಮೊದಲಲ್ಲಿಯೇ ನಾಯಕಿಯನ್ನು ಗೇಬ್ರಿಯಲ್ ಎಂಬ ಖಳನು ಸೆರೆಹಿಡಿದು, ಅವಳು ವಿನ್ಸೆಂಟನ ಮಗುವನ್ನು ಹೆತ್ತಮೇಲೆ ಕೊಲ್ಲಿಸುವಂತೆ ಕಥೆ ಹೆಣೆಯಲಾಯಿತು. ಡಯಾನಾ ಬೆನೆಟ್ ಎಂಬ ಪೊಲೀಸ್ ಅಧಿಕಾರಿಣಿ ಅವಳ ಸ್ಥಾನಕ್ಕೆ ಬಂದಳು. ಪ್ರೇಮಕಥೆಯು ಪ್ರತೀಕಾರದ ಕಥೆಯಾಗಿ ಮಾರ್ಪಟ್ಟಿತು. ಕೆಲವೇ ತಿಂಗಳಲ್ಲಿ ಮಾಲೆ ನಿಂತುಹೋಯಿತು.

ವೀಕ್ಷಕರು ಎರಡು ಪಂಗಡಗಳಾದರು. ಮೂರನೆಯ ವರ್ಷವನ್ನು ಒಪ್ಪಿದವರು ವಿನ್ಸೆಂಟನ ದುಃಖವನ್ನೂ ಆ ಮಗುವಿನ ಬಾಲ್ಯವನ್ನೂ ಮುಂದುವರಿಸಿ ಬರೆದರು. ಒಪ್ಪದವರು ಎರಡನೆಯ ವರ್ಷದ ಕೊನೆಗೇ ಕಥೆಯನ್ನು ನಿಲ್ಲಿಸಿ, ಅಲ್ಲಿಂದ ಬೇರೆ ದಾರಿ ಹಿಡಿದರು. ‘ಆಕೆ ಮಡಿದಿಲ್ಲ’ ಎಂಬ ಅರ್ಥದ ಗುರುತುಪದವೂ ಅವರಲ್ಲಿ ಬಳಕೆಗೆ ಬಂದಿತು. ಇಲ್ಲಿ ಪಾಠಪರಿಷ್ಕರಣವನ್ನು ಬಲ್ಲ ವಿದ್ಯಾರ್ಥಿಗಳು ಒಂದು ವಿಚಿತ್ರವನ್ನು ಗಮನಿಸಬೇಕು. ಹಳೆಯ ಕಾವ್ಯಗಳಲ್ಲಿ ಮೂಲಕವಿಯದು ಶುದ್ಧಪಾಠ, ಓದುಗನೋ ಲಿಪಿಕಾರನೋ ಸೇರಿಸಿದುದು ಪ್ರಕ್ಷಿಪ್ತ. ಈ ಓದುಗರಾದರೋ ಒಡೆಯರೇ ಪ್ರಸಾರಮಾಡಿದ ಭಾಗವನ್ನು ಪ್ರಕ್ಷಿಪ್ತವೆಂದು ತೆಗೆದುಹಾಕಿ, ತಮ್ಮ ಪುಟಗಳನ್ನೇ ಸಾಧುಪಾಠವೆಂದು ನಿಲ್ಲಿಸಿದರು. ಈ ಧೈರ್ಯವು ನಮಗೆ ಮೆಚ್ಚುಗೆಯಾಗುತ್ತದೆಂದು ಹೇಳಲು ಸಂಕೋಚವಿಲ್ಲ; ಆ ಕಾದಂಬರಿಗಳಲ್ಲಿ ಕಣ್ಣೀರು ಹೆಚ್ಚು, ಸಂಯಮ ಕಡಮೆ ಎಂಬುದನ್ನೂ ಮರೆಮಾಡಬೇಕಾಗಿಲ್ಲ.

ನಮ್ಮಲ್ಲಿಯೂ ಹೀಗೆಯೇ ನಡೆಯಿತಲ್ಲವೆ, ಪಂಪನು 10ನೆಯ ಶತಮಾನದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮಡದಿಯಾಗಿಸಿದನಲ್ಲವೆ ಎಂದು ಕೆಲವರು ಕೇಳಬಹುದು. ಹೋಲಿಕೆ ಸೊಗಸಾಗಿದೆ, ಆದರೆ ಅರ್ಧದಾರಿಗೇ ನಿಲ್ಲುತ್ತದೆ. ಭಾರತಕಥೆಗೆ ಒಡೆಯನಿರಲಿಲ್ಲ, ಪಂಪನಿಗೆ ಅರಿಕೇಸರಿಯ ಆಶ್ರಯವಿತ್ತು. ಈ ಸ್ತ್ರೀಯರಿಗೆ ಆಶ್ರಯದಾತನಿಲ್ಲ, ಕಥೆಗೆ ಮಾತ್ರ ಒಡೆಯನುಂಟು. ಒಡೆಯನ ಅಪ್ಪಣೆ ಪಡೆದು ಬಾರ್ಬರಾ ಹ್ಯಾಂಬ್ಲಿ 1989 ಮತ್ತು 1990ರಲ್ಲಿ ಬರೆದ ಎರಡು ಕಾದಂಬರಿಗಳು ಅಂಗಡಿಗಳಲ್ಲಿ ಮಾರಾಟವಾದವು. ಅಪ್ಪಣೆಯಿಲ್ಲದವು ಅಂಚೆಚೀಲದಲ್ಲಿಯೇ ತಿರುಗಿದವು. ಎರಡರ ವಸ್ತುವೂ ಒಂದೇ, ಭೇದವಿರುವುದು ಪರವಾನಗಿಯಲ್ಲಿ. ಇನ್ನೊಂದು ಸ್ವಾರಸ್ಯವಿದೆ. ಈ ಮಾಲೆಯ ಬರಹಗಾರರಲ್ಲಿಯೂ ನಿರ್ಮಾಪಕರಲ್ಲಿಯೂ ಒಬ್ಬರಾಗಿದ್ದ ಜಾರ್ಜ್ ಆರ್. ಆರ್. ಮಾರ್ಟಿನ್, 1996ರಲ್ಲಿ ‘ಎ ಗೇಮ್ ಆಫ್ ಥ್ರೋನ್ಸ್’ ಬರೆದು ಲೋಕಪ್ರಸಿದ್ಧರಾದವರು. ತಮ್ಮ ಪಾತ್ರಗಳನ್ನು ಅಭಿಮಾನಿಗಳು ಎತ್ತಿಕೊಂಡು ಬರೆಯುವುದನ್ನು ಅವರು ಬಹಿರಂಗವಾಗಿಯೇ ವಿರೋಧಿಸಿದ್ದಾರೆ. ತಮ್ಮ ಸೃಷ್ಟಿಯ ಬಗೆಗೆ ಲೇಖಕನಿಗಿರುವ ಮಮತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವಿಲ್ನೂವಳ ಕಥೆಯನ್ನು ಬೋಮೋಂ ಕತ್ತರಿಸಿದುದೂ, ಅದನ್ನು ಕಾಸ್ಲೋ ನ್ಯೂಯಾರ್ಕಿಗೆ ತಂದುದೂ ಇದೇ ನ್ಯಾಯದಿಂದ ಎಲ್ಲಿ ನಿಲ್ಲುತ್ತವೆಂಬ ಪ್ರಶ್ನೆ ಉಳಿಯುತ್ತದೆ.

ವಿದ್ವಾಂಸರ ದೃಷ್ಟಿ ಈ ಕಡೆ ಹರಿದುದು ಬೇಗನೆಯೇ. ಹೆನ್ರಿ ಜೆಂಕಿನ್ಸ್ 1992ರಲ್ಲಿ ಪ್ರಕಟಿಸಿದ ‘ಟೆಕ್ಸ್ಚುಯಲ್ ಪೋಚರ್ಸ್’ ಎಂಬ ಗ್ರಂಥದಲ್ಲಿ ಈ ಮಾಲೆಯ ವೀಕ್ಷಕರಿಗೆ ಒಂದು ಅಧ್ಯಾಯವೇ ಮೀಸಲಾಗಿದೆ. ಕೃತಿಗಳನ್ನು ಕಾಪಾಡುವ ಕೆಲಸ ಮಾತ್ರ ಹಿಂದೆ ಬಿದ್ದಿತು. ಅಗ್ಗದ ಕಾಗದ ಹಳದಿಯಾಗುತ್ತದೆ, ಪ್ಲಾಸ್ಟಿಕ್ ಕಟ್ಟು ಬಿರಿಯುತ್ತದೆ. ಒಡತಿ ತೀರಿಕೊಂಡರೆ ಮನೆಯವರಿಗೆ ಆ ಪೆಟ್ಟಿಗೆಗಳು ಬೇಡವಾದ ರದ್ದಿ. ಬೌಲಿಂಗ್ ಗ್ರೀನ್ ಮತ್ತು ಅಯೋವಾ ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳು ಅಭಿಮಾನಿ ಪತ್ರಿಕೆಗಳ ಸಂಗ್ರಹಗಳನ್ನು ಸ್ವೀಕರಿಸಿರುವುದು ಸಮಾಧಾನದ ಸಂಗತಿ.

ಇವುಗಳನ್ನು ಆಕರಗಳಾಗಿ ಬಳಸುವ ಸಂಶೋಧಕನು ಎರಡು ಎಚ್ಚರಗಳನ್ನು ವಹಿಸಬೇಕು. ಲೇಖಕಿಯರಲ್ಲಿ ಅನೇಕರು ಗುಪ್ತನಾಮಗಳಲ್ಲಿ ಬರೆದಿದ್ದಾರೆ. ಉದ್ಯೋಗ, ಸಂಸಾರಗಳ ಕಾರಣದಿಂದ ಮುಚ್ಚಿಟ್ಟ ಹೆಸರನ್ನು ಸಂಶೋಧನೆಯ ನೆಪದಿಂದ ಬಯಲುಮಾಡುವುದು ಉಚಿತವಲ್ಲ. ಎರಡನೆಯದು ಪಟ್ಟಿಕೆಯ ವಿಚಾರ. 2012ರಿಂದ 2016ರವರೆಗೆ ಇದೇ ಹೆಸರಿನ ಬೇರೊಂದು ಮಾಲೆ ಅಮೆರಿಕದಲ್ಲಿ ಪ್ರಸಾರವಾಯಿತು; ಅದರಲ್ಲಿಯೂ ವಿನ್ಸೆಂಟನುಂಟು, ಕ್ಯಾಥರಿನ್ ಚಾಂಡ್ಲರ್ ಉಂಟು, ಸುರಂಗವಾಸಿಗಳ ಸಮಾಜವಿಲ್ಲ. ಹೆಸರುಗಳನ್ನು ಮಾತ್ರ ನೋಡಿ ವರ್ಗೀಕರಿಸಿದರೆ ಎರಡು ಕಾಲದ ಕೃತಿಗಳು ಒಂದೇ ಕಪಾಟಿನಲ್ಲಿ ಬೆರೆತುಹೋಗುವುವು. ಆದುದರಿಂದ ವರ್ಷವನ್ನೂ, ಕೃತಿಯು ಮೂರನೆಯ ವರ್ಷದ ಕಥೆಯನ್ನು ಅಂಗೀಕರಿಸುವುದೋ ಇಲ್ಲವೋ ಎಂಬುದನ್ನೂ ಸೂಚಿಯಲ್ಲಿಯೇ ಬರೆದಿಡತಕ್ಕದ್ದು.