ಕೋಳಿಯ ಚೀಲ ಕಲಿಸಿದ ಪಾಠ

ಮದ್ದೂರು, ಮಳವಳ್ಳಿ ಕಡೆ ಕೋಳಿ ಫಾರಂ ಇಟ್ಟವರಿಗೆ ಗುಂಬೋರೊ ರೋಗದ ಪರಿಚಯ ಮಾಡಿಕೊಡಬೇಕಾಗಿಲ್ಲ. ಎರಡು ವಾರದ ಮರಿಗಳಿಗೆ ಕುಡಿಯುವ ನೀರಿನಲ್ಲಿ ಲಸಿಕೆ ಬೆರೆಸುವುದು ಅದಕ್ಕಾಗಿಯೇ. ಈ ರೋಗ ಕೋಳಿಯ ಗುದದ್ವಾರದ ಮೇಲಿರುವ ಪುಟ್ಟ ಚೀಲವೊಂದನ್ನು ಹಾಳುಗೆಡವುತ್ತದೆ. ಆಮೇಲೆ ಬದುಕುಳಿದ ಮರಿಗೂ ಬೇರೆ ರೋಗಗಳನ್ನು ತಡೆದುಕೊಳ್ಳುವ ತ್ರಾಣವಿರುವುದಿಲ್ಲ.

ಇಟಲಿಯ ಫ್ಯಾಬ್ರಿಸಿಯಸ್ ಎಂಬ ಅಂಗರಚನಾ ಶಾಸ್ತ್ರಜ್ಞ ಈ ಚೀಲವನ್ನು ವರ್ಣಿಸಿ ಮುನ್ನೂರು ವರ್ಷ ಕಳೆದರೂ ಅದರ ಕೆಲಸವೇನೆಂದು ಯಾರಿಗೂ ತಿಳಿದಿರಲಿಲ್ಲ. ಅಮೆರಿಕದ ಬ್ರೂಸ್ ಗ್ಲಿಕ್ ಎಂಬ ಸಂಶೋಧಕ ಮರಿಗಳಿಂದ ಅದನ್ನು ತೆಗೆದು ಸಾಕಿದ್ದರು. ಗೆಳೆಯನೊಬ್ಬ ಅವೇ ಕೋಳಿಗಳನ್ನು ತರಗತಿಯ ಪ್ರಯೋಗಕ್ಕೆ ಒಯ್ದಾಗ ಪ್ರಯೋಗ ಕೈಕೊಟ್ಟಿತು. ಕೋಳಿಗಳ ರಕ್ತದಲ್ಲಿ ಪ್ರತಿಕಾಯಗಳೇ ಹುಟ್ಟಿರಲಿಲ್ಲ! ಹೆಸರಾಂತ ವಿಜ್ಞಾನ ಪತ್ರಿಕೆ ಈ ಲೇಖನವನ್ನು ಒಲ್ಲೆನೆಂದಿತು. 1956ರಲ್ಲಿ ಅದು ಕೋಳಿ ಸಾಕಣೆಯ ಪತ್ರಿಕೆಯಲ್ಲಿ ಅಚ್ಚಾಯಿತು. ವೈದ್ಯರು ಯಾರು ತಾನೆ ಅದನ್ನು ಓದುತ್ತಾರೆ?

ಅದರ ಮಹತ್ವವನ್ನು ಗುರುತಿಸಿದವರಲ್ಲಿ ಮಿನೆಸೋಟದ ಮಕ್ಕಳ ವೈದ್ಯ ರಾಬರ್ಟ್ ಗುಡ್ ಒಬ್ಬರು. 1922ರಲ್ಲಿ ಹುಟ್ಟಿದ ಗುಡ್ ವಿದ್ಯಾರ್ಥಿಯಾಗಿದ್ದಾಗ ಪೋಲಿಯೊದಂಥ ಕಾಯಿಲೆಗೆ ತುತ್ತಾಗಿ ಜೀವನವಿಡೀ ಕುಂಟುತ್ತಲೇ ನಡೆದವರು. ರೋಗಿಯ ದೇಹವೇ ಪ್ರಕೃತಿ ನಡೆಸಿದ ಪ್ರಯೋಗ ಎಂಬುದು ಅವರ ನಂಬಿಕೆ. ಎದೆಗೂಡಿನ ಥೈಮಸ್ ಗ್ರಂಥಿಯಲ್ಲಿ ಗಡ್ಡೆ ಬೆಳೆದಿದ್ದ ರೋಗಿಯೊಬ್ಬನಿಗೆ ಪದೇ ಪದೇ ಸೋಂಕು ತಗಲುತ್ತಿತ್ತು. ಗ್ರಂಥಿಗೂ ರೋಗನಿರೋಧಕ ಶಕ್ತಿಗೂ ನಂಟಿರಬೇಕೆಂದು 1950ರ ದಶಕದಲ್ಲೇ ಗುಡ್ ಊಹಿಸಿದರು. ಬೆಳೆದ ಮೊಲಗಳ ಥೈಮಸ್ ತೆಗೆದು ನೋಡಿದರೆ ಏನೂ ಆಗಲಿಲ್ಲ. ಹುಟ್ಟಿದ ಕೂಡಲೇ ತೆಗೆಯಬೇಕಿತ್ತು. 1961ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಎಳೆಯ ಇಲಿಗಳಲ್ಲಿ ಅದನ್ನು ತೋರಿಸಿದರು. ಗುಡ್ ಬಳಗವೂ ಅದೇ ಹೊತ್ತಿಗೆ ಅಲ್ಲಿಗೆ ತಲುಪಿತ್ತು. 1965ರಲ್ಲಿ ಗುಡ್ ಪ್ರಯೋಗಾಲಯದ ಮ್ಯಾಕ್ಸ್ ಕೂಪರ್ ಕೋಳಿಗಳ ಮೇಲೆಯೇ ಪ್ರಯೋಗ ಮಾಡಿ, ರಕ್ಷಣೆಯ ಕೋಶಗಳಲ್ಲಿ ಎರಡು ಪಂಗಡಗಳಿವೆ ಎಂದು ಸಿದ್ಧಪಡಿಸಿದರು. ಒಂದು ಪಂಗಡ ಥೈಮಸ್ಸಿನಲ್ಲಿ ಪಳಗುತ್ತದೆ, ಇನ್ನೊಂದು ಆ ಚೀಲದಲ್ಲಿ. ಮನುಷ್ಯನಿಗೆ ಚೀಲವಿಲ್ಲ, ಅವನಲ್ಲಿ ಆ ಕೆಲಸ ಅಸ್ಥಿಮಜ್ಜೆಯದು. ಎರಡೂ ಪಂಗಡಗಳ ತವರು ಮಜ್ಜೆಯ ಆಕರಕೋಶಗಳೇ.

ಹಾಗಾದರೆ ರಕ್ಷಣೆಯೇ ಇಲ್ಲದೆ ಹುಟ್ಟಿದ ಮಗುವಿಗೆ ಒಳ್ಳೆಯ ಮಜ್ಜೆ ಕೊಟ್ಟರೆ? 1968ರಲ್ಲಿ ಗುಡ್ ಬಳಿಗೆ ಐದು ತಿಂಗಳ ಗಂಡುಮಗು ಬಂತು. ಆ ವಂಶದಲ್ಲಿ ಮೂರು ತಲೆಮಾರುಗಳಲ್ಲಿ ಹನ್ನೊಂದು ಗಂಡುಮಕ್ಕಳು ಎಳವೆಯಲ್ಲೇ ತೀರಿಕೊಂಡಿದ್ದರು. ಹೆಣ್ಣುಮಕ್ಕಳಿಗೆ ಏನೂ ಆಗಿರಲಿಲ್ಲ. ದೋಷ ತಾಯಿಯ ಕಡೆಯಿಂದ ಸಾಗಿ ಬರುವಂಥದು. ಹೊರುವವಳು ಹೆಣ್ಣು, ಸಾಯುವವನು ಗಂಡು. ಅಕ್ಕಂದಿರಲ್ಲಿ ಒಬ್ಬಳ ಮಜ್ಜೆ ಬಹುಮಟ್ಟಿಗೆ ಹೊಂದಿತು. ಮೊದಲ ಕಸಿಯ ಬಳಿಕ ರಕ್ತದ ಗುಂಪಿನ ತೊಡಕಿನಿಂದ ಮಗುವಿನ ಮಜ್ಜೆಯೇ ಸೊರಗಿತು. ಅದೇ ಅಕ್ಕನಿಂದ ಮತ್ತೊಮ್ಮೆ ಮಜ್ಜೆ ತೆಗೆದು ಕೊಟ್ಟರು. ಹುಡುಗ ಉಳಿದ, ಬೆಳೆದು ದೊಡ್ಡವನಾದ. ಅವನ ರಕ್ತದ ಗುಂಪು ಅಕ್ಕನ ಗುಂಪಾಗಿ ಬದಲಾಗಿತ್ತು.

ಗುಡ್ ಅವರಿಗೆ 1970ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ನೊಬೆಲ್ ಬರಲಿಲ್ಲ. ಮಜ್ಜೆಯ ಕಸಿಗೆ 1990ರಲ್ಲಿ ಅದನ್ನು ಪಡೆದವರು ಡೊನಾಲ್ ಥಾಮಸ್. ನಡುವೆ 1974ರಲ್ಲಿ ಗುಡ್ ನೇತೃತ್ವದ ನ್ಯೂಯಾರ್ಕಿನ ಸಂಸ್ಥೆಯಲ್ಲಿ ಸಂಶೋಧಕರೊಬ್ಬರು ಬಿಳಿ ಇಲಿಗೆ ಕಪ್ಪು ಪೆನ್ನಿನಿಂದ ಬಣ್ಣ ಬಳಿದು ಚರ್ಮದ ಕಸಿ ಗೆದ್ದಿತೆಂದು ತೋರಿಸಿದ್ದು ಬಯಲಾಯಿತು. ಮೇಲ್ವಿಚಾರಣೆ ಸಾಲದೆಂಬ ಟೀಕೆ ಗುಡ್ ಮೇಲೂ ಬಂತು, ಅದು ಅನ್ಯಾಯವೇನಲ್ಲ. ಅವರು 2003ರಲ್ಲಿ ತೀರಿಕೊಂಡರು.

ಭಾರತದಲ್ಲಿ ಮಜ್ಜೆಯ ಕಸಿ ಶುರುವಾದದ್ದು 1983ರಲ್ಲಿ, ಮುಂಬಯಿಯ ಟಾಟಾ ಆಸ್ಪತ್ರೆಯಲ್ಲಿ. ಈಗ ಬೆಂಗಳೂರಿನಲ್ಲೇ ಮಕ್ಕಳಿಗೂ ಆಗುತ್ತದೆ. ಮಂಡ್ಯದಿಂದ ನೂರು ಕಿಲೋಮೀಟರು.

ದೂರಕ್ಕಿಂತ ದೊಡ್ಡ ಅಡ್ಡಿ ಬೇರೆಯದು. ಈ ಕಾಯಿಲೆಯ ಕೆಲವು ಬಗೆಗಳಲ್ಲಿ ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗಲೇ ಮಗು ನರಳುತ್ತದೆ. ಅಕ್ಕನ ಮಗಳನ್ನು ತರುವ, ಸೋದರತ್ತೆ ಮಗನಿಗೆ ಕೊಡುವ ವಾಡಿಕೆ ನಮ್ಮ ಸೀಮೆಯಲ್ಲಿ ಹಳೆಯದು, ಅಂಥ ಮನೆಗಳಲ್ಲಿ ಆ ಸಂಭವ ಹೆಚ್ಚು. ವಿಚಿತ್ರವೆಂದರೆ ಅದೇ ವಾಡಿಕೆ ಉಪಕಾರಕ್ಕೂ ಬಂದೀತು. ಒಡಹುಟ್ಟಿದವರ ಮಜ್ಜೆ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ನೆಂಟಸ್ತಿಕೆಯೊಳಗೇ ಮದುವೆಯಾದ ಮನೆಗಳಲ್ಲಿ ತಂದೆಯದೋ ತಾಯಿಯದೋ ಹೊಂದುವುದೂ ಉಂಟು.

ಆದರೆ ಮಗು ಆಸ್ಪತ್ರೆಗೆ ಬರುವುದು ತಡವಾಗಿ. 'ಆ ಮನೇಲಿ ಗಂಡುಮಗು ನಿಲ್ಲೋದಿಲ್ಲ' ಎನ್ನುವ ಮಾತು ಹಳ್ಳಿಗಳಲ್ಲಿ ಇಂದಿಗೂ ಕಿವಿಗೆ ಬೀಳುತ್ತದೆ. ಹರಕೆ, ತಾಯತ, ದೃಷ್ಟಿ ತೆಗೆಯುವುದು ಎಲ್ಲ ಮುಗಿಯುವ ಹೊತ್ತಿಗೆ ನ್ಯುಮೋನಿಯಾ ಮುಂದುವರಿದಿರುತ್ತದೆ. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನದಂತೆ, ಮೂರೂವರೆ ತಿಂಗಳೊಳಗೆ ಕಸಿ ಪಡೆದ ಮಕ್ಕಳಲ್ಲಿ ನೂರಕ್ಕೆ 94 ಮಂದಿ ಐದು ವರ್ಷದ ಬಳಿಕವೂ ಬದುಕಿದ್ದರು. ಇಂಥ ಮಗುವಿಗೆ ಹುಟ್ಟಿದಾಗ ಕೊಡುವ ಬಿ.ಸಿ.ಜಿ. ಲಸಿಕೆಯೇ ಮುಳುವಾಗಬಹುದು. ಆದ್ದರಿಂದ ತಾಯಿಯ ಅಣ್ಣತಮ್ಮಂದಿರೋ ಹಿಂದಿನ ಮಕ್ಕಳೋ ಎಳವೆಯಲ್ಲಿ ಸೋಂಕಿನಿಂದ ತೀರಿಕೊಂಡಿದ್ದರೆ ಆ ಸಂಗತಿಯನ್ನು ಲಸಿಕೆಗೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಮೊದಲ ಸುಳಿವು ಕೊಡುವುದು ಬಿಳಿ ರಕ್ತಕಣಗಳ ಎಣಿಕೆ, ಅದರಲ್ಲಿಯೂ ಲಿಂಫೊಸೈಟುಗಳ ಸಂಖ್ಯೆ. ಜ್ವರ ಬಂದಾಗ ಬರೆದುಕೊಡುವ ಮಾಮೂಲಿ ರಕ್ತಪರೀಕ್ಷೆಯ ಚೀಟಿಯಲ್ಲೇ ಅದು ಇರುತ್ತದೆ.