ದಪ್ಪ ದುಂಡಕ್ಷರದ ಪೂರ್ವೋತ್ತರ

ಅಂಗಡಿಯ ಫಲಕ, ಜಾತ್ರೆಯ ಕರಪತ್ರ, ಶಿಶುಪುಸ್ತಕಗಳ ಮುಖಪುಟ ಇವುಗಳಲ್ಲಿ ದಪ್ಪನಾದ, ಮೂಲೆಯಿಲ್ಲದ, ತುದಿಯು ಉರುಟಾದ ಅಕ್ಷರಗಳು ಈಗ ವಿಶೇಷವಾಗಿ ಬಳಕೆಯಲ್ಲಿವೆ. ಇದು ಪರದೇಶದಿಂದ ಬಂದ ಹೊಸ ಸೊಗಸೆಂದು ಎಣಿಸುವವರುಂಟು. ಆದರೆ ಇದರ ಬೇರು ಕನ್ನಡನಾಡಿನಲ್ಲಿಯೂ ಆಳವಾಗಿಯೇ ಇರುವುದು.

ಶಿರಾ ಸೀಮೆಗೆ ಉತ್ತರದಲ್ಲಿರುವ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವುಂಟು. 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದ ಆ ಶಾಸನದ ಬ್ರಾಹ್ಮೀಲಿಪಿಯು ಬಹುಮಟ್ಟಿಗೆ ನೇರವಾದ ಗೀಟುಗಳಿಂದಾದುದು. ಅದರ ಸಂತತಿಯಾದ ಕನ್ನಡ ಲಿಪಿಯು ಶತಮಾನಗಳು ಕಳೆದಂತೆ ಬಳುಕಿ ದುಂಡಾಯಿತು. ಓಲೆಗರಿಯ ಮೇಲೆ ಕಂಠದಿಂದ ನಾರಿನುದ್ದಕ್ಕೆ ನೇರಗೀಟನ್ನೆಳೆದರೆ ಗರಿಯು ಸೀಳುವುದರಿಂದ ಹೀಗಾಯಿತೆಂದು ಹಲವು ವಿದ್ವಾಂಸರ ಮತ.

ಶಾನುಭೋಗರ ಕಡತವನ್ನೂ ಇಲ್ಲಿ ನೆನೆಯಬೇಕು. ಬಟ್ಟೆಗೆ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಮೊಂಡಾದ ಬಳಪದ ಗೀಟು ಆದ್ಯಂತವೂ ಒಂದೇ ದಪ್ಪ. ಅದರ ತುದಿ ಉರುಟು. ಇಂದಿನ ದುಂಡಚ್ಚಿನ ಲಕ್ಷಣವೂ ಇದೇ ಅಲ್ಲವೆ?

ಅಚ್ಚಿನ ಮೊಳೆಗಳು ಬಂದ ಮೇಲೆ ರೀತಿ ಬೇರೆಯಾಯಿತು. 1817ರಲ್ಲಿ ಶ್ರೀರಾಮಪುರದಿಂದ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು ಹೊರಟಿತು. 1843ರಲ್ಲಿ ಮಂಗಳೂರ ಸಮಾಚಾರವು ಕಲ್ಲಚ್ಚಿನಲ್ಲಿ ಮೊದಲಾಯಿತು. 1894ರಲ್ಲಿ ಕಿಟ್ಟೆಲ್ಲರ ನಿಘಂಟು ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಲ್ಲಿ ಮುದ್ರಿತವಾಯಿತು. ಗ್ರಂಥದ ಮೊಳೆಗಳಲ್ಲಿ ಒಂದೆಡೆ ತೆಳುವೂ ಒಂದೆಡೆ ದಪ್ಪವೂ ಆದ ಗೀಟುಗಳೇ ರೂಢವಾದುವು. ಆಂಗ್ಲಾಕ್ಷರಗಳಿಗಾದರೋ ತುದಿಯಲ್ಲಿ ಕಿರುಗೀಟುಗಳುಂಟು; ಅವನ್ನು ತೊರೆದ ಮೊಳೆಯನ್ನು ಲಂಡನ್ನಿನ ಕ್ಯಾಸ್ಲನ್ನರು 1816ರಲ್ಲಿ ತೋರಿಸಿದರು. ಕನ್ನಡಕ್ಕೆ ತೊರೆಯಲು ಅಂತಹ ಕಿರುಗೀಟೇ ಇರಲಿಲ್ಲ; ಇದ್ದುದು ತಲೆಕಟ್ಟು. ಅದು ಅಲಂಕಾರವಲ್ಲ, ಅಕ್ಷರದ ಅಂಗವೇ ಸರಿ.

ಗಣಕಯಂತ್ರದ ಕಾಲದಲ್ಲಿ ಮುಂಬಯಿಯ ಏಕ್ ಟೈಪ್ ಸಂಸ್ಥೆಯವರು 2016ರ ಸುಮಾರಿಗೆ ಭಾರತದ ಹಲವು ಲಿಪಿಗಳಿಗೆ ಒಂದೇ ಮೈಕಟ್ಟಿನ ದಪ್ಪ ದುಂಡಕ್ಷರಗಳನ್ನು ರಚಿಸಿ ಉಚಿತವಾಗಿ ಕೊಟ್ಟರು. ಬಲೂ ಎಂಬುದು ಆ ಕುಟುಂಬದ ಹೆಸರು. ತಮಿಳಿನದು ತಂಬಿ, ತೆಲುಗಿನದು ತಮ್ಮುಡು, ಮಲಯಾಳದ್ದು ಚೇಟ್ಟನ್, ಕನ್ನಡದ್ದು ತಮ್ಮ. ಸೋದರಲಿಪಿಗಳಿಗೆ ಒಪ್ಪುವ ನಾಮಕರಣ! ಮೊದಲು ಒಂದೇ ದಪ್ಪದಲ್ಲಿದ್ದ ಅಕ್ಷರಕ್ಕೆ ಬಳಿಕ ಐದು ತರದ ದಪ್ಪಗಳಾದುವು.

ಆದರೆ ದಪ್ಪಕ್ಕೂ ಮಿತಿಯುಂಟು. ಮೈ ಹಿಗ್ಗಿದಷ್ಟೂ ಒಡಲಿನ ಬಯಲು ಕುಗ್ಗುವುದು. ಒತ್ತಕ್ಷರವು ಮೇಲಿನದಕ್ಕೆ ತಗಲುವುದು. ಎಲ್ಲಕ್ಕಿಂತ ಮಿಗಿಲಾಗಿ ಮಹಾಪ್ರಾಣಕ್ಕೆ ಅಪಾಯ. ದಕಾರದ ಹೊಟ್ಟೆ ಸೀಳಿದರೆ ಧಕಾರ. ಆ ಸೀಳು ಮಸಿಯಲ್ಲಿ ಮುಚ್ಚಿಹೋದರೆ ‘ಧನ’ವು ‘ದನ’ವಾಗುವುದು. ದನದ ಪರಿಷೆಯ ಫಲಕದಲ್ಲಿ ಇದು ನಗೆಗೀಡಾದೀತು, ಕ್ರಯಪತ್ರದಲ್ಲಿ ವ್ಯಾಜ್ಯಕ್ಕೀಡಾದೀತು.

ಆದುದರಿಂದ ದಪ್ಪ ದುಂಡಕ್ಷರಕ್ಕೆ ದೂರದಿಂದ ಕರೆಯುವ ಕೆಲಸವೇ ತಕ್ಕುದು: ಫಲಕ, ತಲೆಬರಹ, ಮಕ್ಕಳ ಪುಸ್ತಕದ ಹೆಸರು. ಪುಟಗಟ್ಟಲೆ ಓದುವುದಕ್ಕೆ ತೆಳುಮೈಯ ಅಕ್ಷರವೇ ಹಿತ. ಡಂಗುರದವನ ಕಂಠ ಊರಬಾಗಿಲಿಗೆ ಬೇಕು. ಪುರಾಣ ಹೇಳುವುದಕ್ಕೆ ಬೇಕಾದ ಕಂಠ ಬೇರೆ.