ಗೋಲಿಬಾರ್ ಆಯಿತು

ನಮ್ಮ ಹೊನ್ನವಳ್ಳಿ ಕಡೆ ಬೆಂಕಿಗೆ ಕ್ರಿಯಾಪದಗಳ ಬರವಿಲ್ಲ. ಒಣಗಿದ ತೆಂಗಿನ ಗರಿಗೆ ಬೆಂಕಿ ಇಡುತ್ತಾರೆ, ಒಲೆ ಹೊತ್ತಿಸುತ್ತಾರೆ, ಚಿಪ್ಪಿನ ಕೆಂಡ ಊದುತ್ತಾರೆ, ಬೇಸಾಯಕ್ಕೆ ಬೇಸತ್ತವರು ‘ಬೆಂಕಿ ಬೀಳಲಿ’ ಅನ್ನುತ್ತಾರೆ. ಬೆಂಕಿಯನ್ನು ‘ತೆರೆಯುವುದು’ ಮಾತ್ರ ಇಲ್ಲ. ಇಂಗ್ಲಿಷಿನ ‘ಓಪನ್ ಫೈರ್’ ಅನ್ನು ಪದಕ್ಕೆ ಪದವಿಟ್ಟು ಕನ್ನಡಿಸಿದರೆ ಸಿಗುವುದು ನಗೆಪಾಟಲು.

ಇಂಗ್ಲಿಷಿಗೆ ಅದು ಬಂದ ದಾರಿ ಸರಳ. ಹಳೆಯ ಬಂದೂಕಿನ ಮದ್ದಿಗೆ ಉರಿಯುವ ಬತ್ತಿಯನ್ನೇ ತಾಗಿಸಬೇಕಿತ್ತು. 17ನೇ ಶತಮಾನದ ಕವಾಯತಿನಲ್ಲಿ ಸಿಪಾಯಿಗೆ ಕೊಡುತ್ತಿದ್ದ ಆಜ್ಞೆ ‘ಗಿವ್ ಫೈರ್’, ಅಂದರೆ ಬೆಂಕಿ ಕೊಡು. ಮುಂದೆ ಬತ್ತಿ ಹೋಯಿತು, ಬೆಂಕಿ ಮಾತಿನಲ್ಲಿ ಉಳಿಯಿತು. ‘ಓಪನ್’ ಎಂದರೆ ಇಲ್ಲಿ ಶುರುಮಾಡು ಅಷ್ಟೆ.

ಕನ್ನಡ ಹಿಡಿದದ್ದು ಬೆಂಕಿಯನ್ನಲ್ಲ, ಗುಂಡನ್ನು. ‘ಗುಂಡು ಹಾರಿಸಿದರು’ ಎಂದರೆ ಗಾಳಿಯಲ್ಲೂ ಇರಬಹುದು, ಜನರ ಮೇಲೂ ಇರಬಹುದು. ‘ಗುಂಡಿಕ್ಕಿ ಕೊಂದರು’ ಎಂದರೆ ಅನುಮಾನವೇ ಇಲ್ಲ. ಇವೆರಡರಲ್ಲೂ ಯಾರು ಎಂಬ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಮೂರನೆಯದು ‘ಗೋಲಿಬಾರ್’. ಮರಾಠಿಯಲ್ಲೂ ಇರುವ ಪದ ಇದು. ಅಲ್ಲಿ ‘ಬಾರ’ ಎಂದರೆ ಬಂದೂಕಿನ ಸಿಡಿತ. ಇದರ ಜೊತೆಗೆ ನಾವು ಸೇರಿಸುವ ಕ್ರಿಯಾಪದ ನೋಡಿ: ಗೋಲಿಬಾರ್ ಆಯಿತು, ಗೋಲಿಬಾರ್ ನಡೆಯಿತು. ಮಳೆ ಆಯಿತು, ಜಾತ್ರೆ ನಡೆಯಿತು ಎಂಬ ಹಾಗೆ.

1938ರ ಏಪ್ರಿಲ್ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ತ್ರಿವರ್ಣ ಧ್ವಜದ ನಿಷೇಧ ಮೀರಲು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಅದಕ್ಕೆ ಎರಡು ವಾರ ಮೊದಲು ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ಸತ್ತವರು 10 ಎಂದು ಸರ್ಕಾರ ಹೇಳಿತು. ಜನ ನೆನೆಯುವುದು 32 ಮಂದಿಯನ್ನು. ಗಾಂಧೀಜಿ ಪಟೇಲರನ್ನೂ ಕೃಪಲಾನಿಯವರನ್ನೂ ಕಳಿಸಿದರು, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಒಪ್ಪಂದವಾಯಿತು, ಧ್ವಜಕ್ಕೆ ದಾರಿಯಾಯಿತು. ಸಾವಿನ ಲೆಕ್ಕದಲ್ಲಿ ಇಷ್ಟು ಜಗಳವಿದ್ದರೂ ಘಟನೆಯ ಹೆಸರಿನಲ್ಲಿ ಯಾರಿಗೂ ಜಗಳವಿಲ್ಲ. ನಮ್ಮ ಪಠ್ಯಗಳಲ್ಲಿ ಅದು ‘ವಿದುರಾಶ್ವತ್ಥ ಗೋಲಿಬಾರ್’. ಊರೇ ಬಂದೂಕು ಹಿಡಿದಂತೆ!

ಆಮೇಲೆ ಇದೇ ಅಚ್ಚು. 1980ರ ಜುಲೈನಲ್ಲಿ ನೀರಾವರಿ ಕರದ ವಿರುದ್ಧ ಎದ್ದ ರೈತರ ಮೇಲಿನದು ‘ನರಗುಂದ ಗೋಲಿಬಾರ್’. 2008ರ ಜೂನ್‌ನಲ್ಲಿ ಗೊಬ್ಬರ ಕೇಳಿದವರ ಮೇಲಿನದು ‘ಹಾವೇರಿ ಗೋಲಿಬಾರ್’. ಸಂಸ್ಥಾನ ಹೋಗಿ ಗಣರಾಜ್ಯ ಬಂದರೂ ವ್ಯಾಕರಣ ಬದಲಾಗಲಿಲ್ಲ. ಪದ ಸರ್ಕಾರದ ಸೃಷ್ಟಿ ಎಂದು ನಾನು ಹೇಳುತ್ತಿಲ್ಲ. ಚಳವಳಿಗಾರರೂ ಅದನ್ನೇ ಸಿಟ್ಟಿನಿಂದ ಕೂಗಿದ್ದಾರೆ, ಅವರ ಬಾಯಲ್ಲಿ ಅದಕ್ಕೆ ಬೇರೆಯೇ ಕಾವು. ತೊಂದರೆ ಇರುವುದು ದಶಕಗಳ ನಂತರ ಬರೆಯುವ ನಮ್ಮಂಥವರ ವಾಕ್ಯದಲ್ಲಿ. ಇಂಗ್ಲಿಷಿನಲ್ಲಿ ‘ಪೊಲೀಸ್ ಓಪನ್ಡ್ ಫೈರ್’ ಎಂದಿದ್ದರೆ ಗಾಯ ಕಾಣದಿದ್ದರೂ ಕರ್ತೃವಾದರೂ ಇರುತ್ತಾನೆ. ಅದನ್ನು ಕನ್ನಡಕ್ಕೆ ತರುವಾಗ ಕೈ ತಾನಾಗಿ ‘ಗೋಲಿಬಾರ್ ಆಯಿತು’ ಎಂದು ಬರೆಯುತ್ತದೆ. ‘ಪೊಲೀಸರು ಜನರ ಮೇಲೆ ಗುಂಡು ಹಾರಿಸಿದರು’ ಎನ್ನಲು ಮೂರು ಪದ ಹೆಚ್ಚು ಬೇಕು, ಅಷ್ಟೆ.